ಅಂಗಳಕ್ಕೆ ಸಾಲುವ ಆಯುಧ

ಶರದೃತುವೆಂದೊಡನೆ ಇಂಗ್ಲಿಷ್ ಸಾಹಿತ್ಯವನ್ನು ಓದಿಕೊಂಡವರ ಕಣ್ಣಿಗೆ ಉದುರುವ ಹಳದಿ ಎಲೆಗಳು ಕಟ್ಟುತ್ತವೆ. ಶೀತದೇಶಗಳಲ್ಲಿ ಅಂಗಳವನ್ನು ಶುಚಿಮಾಡುವ ಕಾಲವೂ ಅದೇ. ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಮನೆಯ ಮುಂದಿನ ಮರಗಳೆಲ್ಲ ಬೋಳಾಗುತ್ತವೆ. ಆ ಎಲೆಯ ರಾಶಿಯನ್ನು ಬಳಿದು ಸಾಗಿಸುವುದು ಅಲ್ಲಿಯ ಗೃಹಸ್ಥನಿಗೆ ವರ್ಷಕ್ಕೊಮ್ಮೆ ಬರುವ ವ್ರತ. ನಮ್ಮ ಪಾವಗಡದ ಬೇವು, ಅರಳಿಗಳಿಗೆ ಆ ಪಂಚಾಂಗ ತಿಳಿಯದು. ಅವು ಎಲೆ ಕಳಚುವುದು ಮಾಘ ಫಾಲ್ಗುಣಗಳಲ್ಲಿ. ಆಶ್ವಯುಜದಲ್ಲಿ ಅವು ಮಳೆಯಲ್ಲಿ ಮಿಂದು ಹಚ್ಚಗೆ ನಿಂತಿರುತ್ತವೆ. ಹಾಗಾದರೆ ನಮ್ಮ ಶರತ್ಕಾಲದಲ್ಲಿ ಅಂಗಳ ಗುಡಿಸುವ ಕೆಲಸವೇ ಇಲ್ಲವೆ? ಉಂಟು, ವರ್ಷದ ಬೇರಾವ ಕಾಲಕ್ಕಿಂತಲೂ ಹೆಚ್ಚಾಗಿಯೇ ಉಂಟು. ಆದರೆ ಅದು ಮೇಲಿನಿಂದ ಬಿದ್ದ ಕಸವಲ್ಲ, ಕೆಳಗಿನಿಂದ ಎದ್ದ ಕಸ.

ತುಮಕೂರು ಜಿಲ್ಲೆಯ ಭೂಪಟವನ್ನು ನೋಡಿದವರು ಪಾವಗಡ ತಾಲ್ಲೂಕು ಬಹುಪಾಲು ಆಂಧ್ರದ ನೆಲದಿಂದ ಸುತ್ತುವರಿದಿರುವುದನ್ನು ಬಲ್ಲರು. ಮುಂಗಾರು ಇಲ್ಲಿಗೆ ಬರುವ ವೇಳೆಗೆ ತನ್ನ ಸಂಪತ್ತನ್ನೆಲ್ಲ ಘಟ್ಟದ ಸೀಮೆಯಲ್ಲಿ ಚೆಲ್ಲಿ ಬರಿಗೈಯಾಗಿರುತ್ತದೆ. ವರ್ಷದ ಮಳೆಯಲ್ಲಿ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರ್‌ಗಳಲ್ಲಿ, ಎಂದರೆ ಹುಬ್ಬೆ, ಉತ್ತರೆ, ಹಸ್ತ, ಚಿತ್ತೆಯ ಮಳೆಗಳಲ್ಲಿ ಬೀಳಬೇಕು. ಹೀಗೆ ಬಿದ್ದ ನಾಲ್ಕು ಹದಮಳೆಗೆ ಹೊಲಕ್ಕಿಂತ ಮೊದಲು ಅಂಗಳವೇ ಚಿಗುರುತ್ತದೆ. ಗೋಡೆಯ ಬುಡದಲ್ಲಿ ಉತ್ತರಾಣಿ, ನಡೆಯುವ ಜಾಡಿನಲ್ಲಿ ನೆಗ್ಗಿಲುಮುಳ್ಳು, ಹಿತ್ತಿಲ ಮೂಲೆಯಲ್ಲಿ ಅಣ್ಣೆಸೊಪ್ಪು, ತುಂಬೆ, ಗರಿಕೆ. ಇವೆಲ್ಲವನ್ನೂ ಮೀರಿಸಿ ಎದೆಯುದ್ದ ಬೆಳೆದು ಬಿಳಿಯ ಹೂ ಚೆಲ್ಲಿಕೊಂಡು ನಿಲ್ಲುವ ಪಾರ್ಥೇನಿಯಂ. ನಮ್ಮ ಜನ ಇದನ್ನು ಕಾಂಗ್ರೆಸ್ ಗಿಡವೆನ್ನುತ್ತಾರೆ. 1950ರ ದಶಕದಲ್ಲಿ ಪುಣೆಯ ಬಳಿ ಮೊದಲು ಕಣ್ಣಿಗೆ ಬಿದ್ದ ಈ ವಿದೇಶಿ ಕಳೆ ಕೆಲವೇ ದಶಕಗಳಲ್ಲಿ ದೇಶವನ್ನೆಲ್ಲ ಆವರಿಸಿತು. ಇದನ್ನು ತಿನ್ನುವ ಮೆಕ್ಸಿಕೋದ ದುಂಬಿಯೊಂದನ್ನು ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಿದರು. ದುಂಬಿ ತನ್ನ ಪಾಲಿನದನ್ನು ತಿನ್ನುತ್ತಿದೆ. ಮಿಕ್ಕುದನ್ನು ನಾವು ಕೀಳಬೇಕು. ಹೂವಾಗುವ ಮುನ್ನ, ನೆಲ ಹಸಿಯಿರುವಾಗ, ಕೈಗೆ ಬಟ್ಟೆ ಸುತ್ತಿಕೊಂಡು ಬೇರುಸಹಿತ ಕಿತ್ತರೆ ಕೆಲಸ ಸುಲಭ. ಹೂವಾದ ಮೇಲೆ ಕಿತ್ತವರಿಗೆ ತುರಿಕೆ, ಸೀನು, ಕೆಲವರಿಗೆ ಉಬ್ಬಸವೂ ದಕ್ಷಿಣೆಯಾಗಿ ಸಿಗುತ್ತವೆ.

ಪಟ್ಟಣದ ವಾಚಕರು ಇದನ್ನು ಅಂದಚೆಂದದ ಪ್ರಶ್ನೆಯೆಂದು ಭಾವಿಸಬಹುದು. ಪಾವಗಡದ ಹಳ್ಳಿಗಳಲ್ಲಿ ಅಂಗಳದ ಶುಚಿಗೆ ಗಡುವು ಉಂಟು. ಮಳೆಯನ್ನೇ ನಂಬಿ ಬಿತ್ತಿದ ಕಡಲೆಕಾಯಿ ಅಕ್ಟೋಬರ್, ನವೆಂಬರ್‌ಗಳಲ್ಲಿ ಕೀಳಲು ಬರುತ್ತದೆ. ಅದರ ಬೆನ್ನಿಗೆ ರಾಗಿ, ಹುರುಳಿ. ಕಿತ್ತ ಬಳ್ಳಿ ಬಂದು ಬೀಳುವುದು ಕಣಕ್ಕೆ. ಕಣವಿಲ್ಲದವರಿಗೆ ಮನೆಯ ಅಂಗಳವೇ ಕಣ. ಅಲ್ಲಿ ಹೆಂಗಸರು ಮಕ್ಕಳು ಗುಂಪುಗೂಡಿ ಕುಳಿತು ಕಾಯಿ ಬಿಡಿಸುತ್ತಾರೆ, ಅಲ್ಲಿಯೇ ಅದು ಒಣಗುತ್ತದೆ, ಅಲ್ಲಿಯೇ ಚೀಲ ತುಂಬುತ್ತದೆ. ಬೆಂಗಳೂರಿನ ಬಸವನಗುಡಿಯಲ್ಲಿ ಕಾರ್ತಿಕದ ಕಡೆಯ ಸೋಮವಾರದ ಪರಿಷೆಯಲ್ಲಿ ಪೊಟ್ಟಣ ಕೊಂಡು ಸಿಪ್ಪೆಯನ್ನು ರಸ್ತೆಗೆ ಎಸೆಯುವ ನಮಗೆ, ಆ ಕಾಯಿ ಯಾವುದೋ ಒಂದು ಅಂಗಳದಲ್ಲಿ ವಾರಗಟ್ಟಲೆ ಮಲಗಿತ್ತೆಂಬ ನೆನಪು ಬರುವುದು ಅಪರೂಪ.

ನೆಲದಿಂದ ಕಿತ್ತಾಗ ಕಾಯಿಯ ತೂಕದಲ್ಲಿ ಮೂರರಲ್ಲೊಂದು ಪಾಲಿಗೂ ಮಿಕ್ಕು ನೀರಿರುತ್ತದೆ. ಅದು ನೂರಕ್ಕೆ ಎಂಟರಷ್ಟಕ್ಕೆ ಇಳಿದ ಹೊರತು ಚೀಲಕ್ಕೆ ತುಂಬಬಾರದು. ಅಳತೆಯ ಯಂತ್ರವಿಲ್ಲದ ಮುದುಕಿಯರು ನಾಲ್ಕು ಕಾಯಿಗಳನ್ನು ಕಿವಿಯ ಬಳಿ ಅಲುಗಾಡಿಸಿ, ಒಳಗಿನ ಬೀಜ ಗಿಲಗಿಲನೆ ಸದ್ದು ಮಾಡಿದರೆ ಒಣಗಿತೆನ್ನುತ್ತಾರೆ. ಈ ಪರೀಕ್ಷೆ ನಂಬಲರ್ಹವಾದುದೇ. ಒದ್ದೆಯ ಕಾಯಿ ಹಸಿಮಣ್ಣಿನ ಮೇಲೆ, ಕೊಳೆತ ಕಳೆಯ ನಡುವೆ ಬಿದ್ದಿದ್ದರೆ ಬೂಷ್ಟು ಹಿಡಿಯುತ್ತದೆ. ಈ ಬೂಷ್ಟಿನ ವಿಷಯದಲ್ಲಿ ಉದಾಸೀನ ಸಲ್ಲದು. 1960ರಲ್ಲಿ ಇಂಗ್ಲೆಂಡಿನಲ್ಲಿ ಕೆಲವೇ ತಿಂಗಳುಗಳೊಳಗೆ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿಕೋಳಿಗಳು ಸತ್ತುಬಿದ್ದವು. ಮೊದಲು ಯಾವುದೋ ಹೊಸ ರೋಗವೆಂದು ಬಗೆದರು. ಹುಡುಕುತ್ತ ಹೋದಂತೆ ಸುಳಿವು ಬ್ರೆಜಿಲ್ ದೇಶದಿಂದ ಬಂದ ಕಡಲೆಕಾಯಿ ಹಿಂಡಿಯಲ್ಲಿ ಸಿಕ್ಕಿತು. ಹಿಂಡಿಯಲ್ಲಿ ಬೆಳೆದಿದ್ದ ಶಿಲೀಂಧ್ರವೊಂದು ವಿಷ ಸ್ರವಿಸಿತ್ತು. ಅದಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರಿಟ್ಟರು. ಪಿತ್ತಜನಕಾಂಗವನ್ನು ಕೆಡಿಸುವ, ಅಲ್ಲಿ ಕ್ಯಾನ್ಸರನ್ನೂ ಹುಟ್ಟಿಸಬಲ್ಲ ವಿಷವಿದು. ಹುರಿದರೂ ಬೇಯಿಸಿದರೂ ಪೂರ್ತಿ ಹೋಗದು. 1974ರಲ್ಲಿ ರಾಜಸ್ಥಾನ, ಗುಜರಾತುಗಳ ಗಡಿಯ ಬಡಹಳ್ಳಿಗಳಲ್ಲಿ ಅಕಾಲ ಮಳೆಗೆ ಸಿಕ್ಕಿ ಬೂಷ್ಟು ಹಿಡಿದ ಮೆಕ್ಕೆಜೋಳವನ್ನು ಉಂಡು ನೂರಕ್ಕೂ ಹೆಚ್ಚು ಜನ ಮಡಿದರು. ಅಂಗಳವನ್ನು ಕೆತ್ತಿ, ಗುಡಿಸಿ, ಒಣಗಲು ಬಿಡುವ ಕೆಲಸ ಇಂತಹ ವಿಷದ ವಿರುದ್ಧ ನಡೆಯುವ ಕೆಲಸವೂ ಹೌದು.

ಇನ್ನು ಆ ಕೆಲಸದ ಆಯುಧಗಳ ಮಾತು. ಪಾವಗಡದ ಒಂದು ಸಾಧಾರಣ ಒಕ್ಕಲು ಮನೆಯಲ್ಲಿ ಇದಕ್ಕೆ ಬೇಕಾದುವು ಕೈಬೆರಳೆಣಿಕೆಯವು: ಒಂದು ಗುದ್ದಲಿ, ಒಂದು ಕುಡುಗೋಲು, ಒಂದು ಮಂಕರಿ, ಒಂದು ಗೋರುಮಣೆ, ಒಂದೆರಡು ಪೊರಕೆ. ಗುದ್ದಲಿಯ ತಗಡಿಗಿಂತ ಅದರ ಕಾವಿನ ಕಡೆಗೆ ಲಕ್ಷ್ಯ ಹೆಚ್ಚು. ಜಾಲಿಯ ಕಾವು ಗಟ್ಟಿ, ಆದರೆ ಭಾರ. ಬಿದಿರು ಹಗುರ, ಆದರೆ ಗುದ್ದಲಿಯ ಪೆಟ್ಟಿಗೆ ಸೀಳುತ್ತದೆ. ಒಂದು ಬೆಣೆ ಸಡಿಲವಾದರೆ ತಗಡು ಅಲುಗಾಡಿ ಅಂಗೈಯಲ್ಲಿ ಬೊಬ್ಬೆ ಏಳುತ್ತದೆ. ಇದಕ್ಕೆ ಯಾವ ವೆಚ್ಚವೂ ಇಲ್ಲದ ಉಪಾಯವೊಂದನ್ನು ಹಳಬರು ಬಲ್ಲರು: ಹಿಂದಿನ ರಾತ್ರಿ ಗುದ್ದಲಿಯ ತಲೆಯನ್ನು ನೀರಿನಲ್ಲಿ ಇಟ್ಟರೆ ಮರ ಉಬ್ಬಿ ಬಿಗಿಯುತ್ತದೆ. ಅದು ತಾತ್ಕಾಲಿಕ, ಮರ ಒಣಗಿದರೆ ಮತ್ತೆ ಸಡಿಲ. ಶಾಶ್ವತವಾಗಿ ಬೇಕಾದವರು ಬಡಗಿಯಿಂದ ಹೊಸ ಬೆಣೆ ಹೊಡೆಸುತ್ತಾರೆ. ಕುಡುಗೋಲಿನ ಕಕ್ಕು ಮೊಂಡಾದರೆ ಕುಲುಮೆಗೆ ಹೋಗಬೇಕು. ಇಂದು ಹಲವು ಊರುಗಳಲ್ಲಿ ಕುಲುಮೆಯ ತಿದಿ ನಿಂತಿದೆ. ಹಾಗಾಗಿ ಮೊಂಡಾದ ಕುಡುಗೋಲು ಅಟ್ಟ ಸೇರುತ್ತದೆ, ಸಂತೆಯಿಂದ ಹೊಸದು ಬರುತ್ತದೆ. ಉಪಕರಣ ಸರಳವಾಗಿದ್ದರಷ್ಟೇ ಸಾಲದು. ಅದನ್ನು ಸರಿಪಡಿಸುವ ಕೈ ನಡೆದುಹೋಗುವಷ್ಟು ದೂರದಲ್ಲಿ ಇರಬೇಕು.

ಪೊರಕೆಯ ವಿಷಯದಲ್ಲಿ ಕೊಂಚ ಹೆಚ್ಚು ಹೊತ್ತು ನಿಲ್ಲಬೇಕಾಗಿದೆ. ಇದಕ್ಕೆ ನಮ್ಮಲ್ಲಿ ಎಷ್ಟು ಹೆಸರು! ಪೊರಕೆ, ಪರಕೆ, ಬರಲು, ಕಸಬರಿಗೆ. ಕರಾವಳಿಗೆ ಹೋದರೆ ಹಿಡಿಸೂಡಿ. ಪಾವಗಡದ ತೆಲುಗು ಮನೆಗಳಲ್ಲಿ ಚೀಪುರು. ಸಂಸ್ಕೃತ ಪಂಡಿತರಿಗೆ ಸಮ್ಮಾರ್ಜನಿ. ಹೆಸರಿನಂತೆ ಜಾತಿಯೂ ಬಹಳ. ಹಂಚಿಕಡ್ಡಿಯ ಹುಲ್ಲಿನದು ಮೃದು; ಅದು ಮನೆಯ ಒಳಗಿನ ಸಾರಿಸಿದ ನೆಲಕ್ಕೆ. ಈಚಲ ಗರಿಯದು ಜಗುಲಿಗೆ, ಕೊಟ್ಟಿಗೆಗೆ. ತೆಂಗಿನ ಗರಿಯ ಕಡ್ಡಿಯದು ಅಂಗಳಕ್ಕೆ. ಬುಡದಲ್ಲಿ ಬಿರುಸಾಗಿ ತುದಿಯಲ್ಲಿ ಬಳುಕುವ ಆ ಕಡ್ಡಿ ಕಸವನ್ನು ಬಾಚಿ, ಮಣ್ಣನ್ನು ಅಲ್ಲಿಯೇ ಬಿಡುತ್ತದೆ. ತೆಂಗು ವಿರಳವಾದ ಪಾವಗಡಕ್ಕೆ ಈ ಕಡ್ಡಿ ಜಿಲ್ಲೆಯ ಇನ್ನೊಂದು ಅಂಚಿನ ತಿಪಟೂರು, ಗುಬ್ಬಿಗಳಂತಹ ತೆಂಗಿನ ಸೀಮೆಯಿಂದ ಬರಬೇಕು. ಕಣಕ್ಕೆ ಮಾತ್ರ ದುಡ್ಡು ಕೊಟ್ಟು ಕೊಳ್ಳಬೇಕಾಗಿಲ್ಲ. ಗುಡ್ಡದ ಓರೆಯಲ್ಲಿ ತಾನಾಗಿ ಬೆಳೆದ ಬಂದರಿಕೆಯ ಗಿಡದ ಹತ್ತಾರು ರೆಂಬೆಗಳನ್ನು ಮುರಿದು, ಬುಡಗಟ್ಟಿ, ಒಂದು ಬಂಡೆಯ ಕೆಳಗೆ ಎರಡು ದಿನ ಅದುಮಿಟ್ಟರೆ ಬೀಸಣಿಗೆಯಂತೆ ಅಗಲವಾದ ಬರಲು ಸಿದ್ಧ. ಕಾಳಿನ ರಾಶಿಯ ಮೇಲೆ ಇದನ್ನು ಹಗುರವಾಗಿ ಆಡಿಸಿದರೆ ಹೊಟ್ಟು ಪಕ್ಕಕ್ಕೆ ಸರಿಯುತ್ತದೆ, ಕಾಳು ಕದಲುವುದಿಲ್ಲ. ಸುಗ್ಗಿ ಮುಗಿಯುವ ವೇಳೆಗೆ ಬರಲೂ ಸವೆದಿರುತ್ತದೆ. ಮುಂದಿನ ವರ್ಷಕ್ಕೆ ಗುಡ್ಡ ಇದ್ದೇ ಇದೆ.

ಈಗ ಅಂಗಡಿಗಳಲ್ಲಿ ಪ್ಲಾಸ್ಟಿಕ್ಕಿನ ಪೊರಕೆಗಳು ಬಣ್ಣಬಣ್ಣವಾಗಿ ತೂಗುತ್ತಿವೆ. ಗಚ್ಚಿನ ನೆಲಕ್ಕೆ ಅವು ಒದಗಬಹುದು. ಪಾವಗಡದ ಗರಸುನೆಲದ ಮೇಲೆ ಅವುಗಳ ಎಳೆ ಒಂದೆರಡು ತಿಂಗಳಲ್ಲಿ ಮಡಿಸಿಕೊಂಡು, ಚೂರುಚೂರಾಗಿ ಉದುರಿ, ಗುಡಿಸಬೇಕಾದ ಕಸಕ್ಕೆ ತಾವೇ ಸೇರಿಕೊಳ್ಳುತ್ತವೆ. ಈಚಲು, ಹಂಚಿಕಡ್ಡಿಗಳ ಪೊರಕೆ ಕಟ್ಟಿ ಊರೂರು ತಿರುಗಿ ಮಾರುತ್ತಿದ್ದ ಕೊರಚ, ಕೊರಮ ಕುಟುಂಬಗಳ ಕಸುಬಿಗೂ ಇವುಗಳಿಂದ ಪೆಟ್ಟು ಬಿದ್ದಿದೆ.

ಸಾಲುವಷ್ಟು ಎಂಬ ಮಾತಿಗೆ ಕನ್ನಡದಲ್ಲಿ ಆಯ್ದಕ್ಕಿ ಲಕ್ಕಮ್ಮನಿಗಿಂತ ದೊಡ್ಡ ಸಾಕ್ಷಿ ಸಿಗಲಾರದು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಇವಳ ಗಂಡ ಮಾರಯ್ಯನ ಕಾಯಕ ಅಂಗಳಗಳಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದು. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಅಂದಂದಿನ ದಾಸೋಹಕ್ಕೆ ಬೇಕಾದುದಕ್ಕಿಂತ ಮಿಗಿಲಾದುದನ್ನು ಅಲ್ಲಿಯೇ ಸುರಿದು ಬಾ ಎಂದು ಲಕ್ಕಮ್ಮ ಹಿಂದಕ್ಕೆ ಕಳುಹಿಸಿದ ಕಥೆ ಪ್ರಸಿದ್ಧ. ಅದೇ ಕಾಲದ ಸತ್ಯಕ್ಕನದು ಅಂಗಳದ ಕಸ ಗುಡಿಸುವ ಕಾಯಕವೆಂದು ಪರಂಪರೆ ಹೇಳುತ್ತದೆ. ನಮ್ಮ ಸಾಹಿತ್ಯ ಚರಿತ್ರೆಯ ಪುಟಗಳಲ್ಲಿ ಪೊರಕೆ ಹಿಡಿದ ಕವಯಿತ್ರಿಯೊಬ್ಬಳು ಇದ್ದಾಳೆಂಬುದನ್ನು ತರಗತಿಯಲ್ಲಿ ಹೇಳಿದಾಗ ವಿದ್ಯಾರ್ಥಿಗಳು ಮೊದಲು ನಗುತ್ತಾರೆ; ಅವಳ ವಚನಗಳನ್ನು ಓದಿದ ಮೇಲೆ ನಗು ನಿಲ್ಲುತ್ತದೆ.

ಇಷ್ಟು ಹೇಳಿದೊಡನೆ, ಹಿಂದಿನವರ ಉಪಕರಣಗಳೆಲ್ಲ ಪರಿಪೂರ್ಣವಾಗಿದ್ದುವೆಂದು ವಾದಿಸುವವರ ಪಂಕ್ತಿಗೆ ನನ್ನನ್ನು ಸೇರಿಸಬಾರದೆಂದು ಪ್ರಾರ್ಥನೆ. ನಮ್ಮ ಗಿಡ್ಡ ಪೊರಕೆಯನ್ನೇ ನೋಡಿ. ಅದು ಕಸಕ್ಕೆ ಸಾಲುತ್ತದೆ, ಹಿಡಿದವಳ ಬೆನ್ನಿಗೆ ಸಾಲದು. ನಸುಕಿನಲ್ಲಿ ಎದ್ದು ನಡು ಬಾಗಿಸಿ ಗುಡಿಸಲು ತೊಡಗಿದ ಹೆಂಗಸು ಅಂಗಳ ಮುಗಿಯುವವರೆಗೆ ತಲೆ ಎತ್ತುವಂತಿಲ್ಲ. ಮೂವತ್ತು ವರ್ಷ ಹೀಗೆ ಬಾಗಿದ ಮೇಲೆ ಬರುವ ಸೊಂಟನೋವನ್ನು ವಯೋಧರ್ಮವೆಂದು ನಾವು ಕೈತೊಳೆದುಕೊಳ್ಳುತ್ತೇವೆ. ಅಮೆರಿಕದ ಕ್ಯಾಲಿಫೋರ್ನಿಯ ಪ್ರಾಂತದಲ್ಲಿ ಇಂತಹುದೇ ಒಂದು ಮೊಕದ್ದಮೆ ನಡೆಯಿತು. ಅಲ್ಲಿನ ತೋಟಗಳಲ್ಲಿ ಮೆಕ್ಸಿಕೋ ಮೂಲದ ಕೂಲಿಗಳ ಕೈಗೆ ಒಂದೆರಡು ಅಡಿ ಕಾವಿನ ಗುದ್ದಲಿಯನ್ನೇ ಕೊಡುತ್ತಿದ್ದರು. ಉದ್ದ ಕಾವಿನದಾದರೆ ಎಳೆಯ ಸಸಿ ಕತ್ತರಿಸಿಹೋಗುತ್ತದೆಂದು ಮಾಲೀಕರ ವಾದ. ಕೂಲಿಗಳ ಬೆನ್ನೆಲುಬು ಸವೆಯುತ್ತಿರುವುದನ್ನು ವೈದ್ಯರು ಸಾಕ್ಷಿ ನುಡಿದರು. 1975ರ ಜನವರಿಯಲ್ಲಿ ಆ ಪ್ರಾಂತದ ಪರಮೋಚ್ಚ ನ್ಯಾಯಾಲಯ ಕೂಲಿಗಳ ಪರವಾಗಿ ತೀರ್ಪಿತ್ತಿತು. ಆ ವರ್ಷವೇ ಗಿಡ್ಡ ಗುದ್ದಲಿ ನಿಷಿದ್ಧವಾಯಿತು. ಅದರ ಬದಲು ಬಂದುದು ಯಂತ್ರವೇನಲ್ಲ, ಉದ್ದ ಕಾವಿನ ಅದೇ ಗುದ್ದಲಿ.

ಬೆಂಗಳೂರಿನ ಬೀದಿಗಳಲ್ಲಿ ಪೌರಕಾರ್ಮಿಕರು ಉದ್ದ ಬಿದಿರಿನ ತುದಿಗೆ ತೆಂಗಿನ ಕಡ್ಡಿಯ ಕಟ್ಟನ್ನು ಬಿಗಿದು ನೆಟ್ಟಗೆ ನಿಂತು ಗುಡಿಸುವುದನ್ನು ವಾಚಕರು ಕಂಡಿರುತ್ತಾರೆ. ಇದು ಹಳ್ಳಿಯ ಅಂಗಳಕ್ಕೇಕೆ ಬರಬಾರದು? ಎದೆಯ ಎತ್ತರದ ಬಿದಿರಿನ ಕೋಲು, ನಾಲ್ಕು ಮಾರು ಹುರಿ, ಅರ್ಧ ಗಂಟೆಯ ಕೆಲಸ. ಉದ್ದ ಕಾವಿನಿಂದ ಇನ್ನೊಂದು ಲಾಭವೂ ಉಂಟು. ಕಲ್ಲುಗುಡ್ಡಗಳ ಈ ಸೀಮೆಯಲ್ಲಿ ಮಳೆಗಾಲ ಕಳೆಯುವ ಹೊತ್ತಿಗೆ ಸೌದೆಯ ಒಟ್ಟಿಲು, ಕಲ್ಲಿನ ಗುಡ್ಡೆ, ಕಳೆಯ ಪೊದೆಗಳಲ್ಲಿ ಚೇಳು, ಮಂಡಲದ ಹಾವುಗಳು ಅಡಗಿರುತ್ತವೆ. ಕೈ ಅಲ್ಲಿಗೆ ಹೋಗುವ ಮೊದಲು ಕೋಲು ಹೋಗುವುದು ಮೇಲು. ಹಾವು ಕಚ್ಚಿದರೆ ಮಂತ್ರ, ನಾರು, ಬೇರುಗಳಿಗೆ ಹೊತ್ತು ಕಳೆಯದೆ, ಕಚ್ಚಿದ ಅಂಗವನ್ನು ಅಲುಗಿಸದೆ ಆಸ್ಪತ್ರೆಗೆ ಧಾವಿಸಬೇಕೆಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ.

ಯಂತ್ರಗಳ ಕಥೆ ಬೇರೆ ರೀತಿಯದು. ಎಲೆಗಳನ್ನು ಗಾಳಿಯಿಂದ ಊದುವ ಪೆಟ್ರೋಲ್ ಯಂತ್ರವನ್ನು ಬೆನ್ನಿಗೆ ಹೊತ್ತುಕೊಳ್ಳುವುದು ಪಾಶ್ಚಾತ್ಯ ದೇಶಗಳಲ್ಲಿ ಸಾಮಾನ್ಯವಾಯಿತು. ಅದರ ಆರ್ಭಟ, ಹೊಗೆಗಳನ್ನು ತಾಳಲಾರದೆ ಅದೇ ಕ್ಯಾಲಿಫೋರ್ನಿಯ 2021ರಲ್ಲಿ ಶಾಸನ ಮಾಡಿ, 2024ರಿಂದ ಇಂತಹ ಹೊಸ ಪೆಟ್ರೋಲ್ ಯಂತ್ರಗಳ ಮಾರಾಟಕ್ಕೆ ತಡೆ ಹಾಕಿದೆ. ಪಾವಗಡದ ಕೆಂಪು ಧೂಳಿನಲ್ಲಿ ಆ ಯಂತ್ರ ಓಡಿದರೆ ನಮ್ಮ ಅಂಗಳವೇ ಎದ್ದು ನೆರೆಮನೆಯ ಹಪ್ಪಳದ ಮೇಲೆ ಕುಳಿತುಕೊಳ್ಳುವುದು ನಿಶ್ಚಯ. ಆದರೆ ಎರಡೆಕರೆ ಬದುವಿನ ಹುಲ್ಲನ್ನು ಒಬ್ಬನೇ ಕೊಯ್ಯಬೇಕಾದವನು ಕಳೆ ಕತ್ತರಿಸುವ ಯಂತ್ರವನ್ನು ಬಾಡಿಗೆಗೆ ತಂದರೆ ಅದನ್ನು ಆಡಂಬರವೆನ್ನಲಾಗದು. ಕಡಲೆಕಾಯಿ ಬಿಡಿಸುವ ಯಂತ್ರವೂ ಅಷ್ಟೆ. ಕೂಲಿಯಾಳು ಸಿಗದ ಊರಿನಲ್ಲಿ ಬೆಳೆಯನ್ನು ಮಳೆಯಿಂದ ಪಾರುಮಾಡುವುದು ಅದೇ. ಹತ್ತು ಅಂಕಣದ ಅಂಗಳಕ್ಕೆ ಮಾತ್ರ ಪೊರಕೆ ಸಾಕು.

ಪಾವಗಡದ ಅತ್ಯಂತ ವಿಶಾಲವಾದ ಅಂಗಳ ಯಾವುದು? ತಿರುಮಣಿಯ ಸುತ್ತಲಿನ ಸೌರ ವಿದ್ಯುತ್ ಉದ್ಯಾನವೆನ್ನಬೇಕು. ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆ ನೆಲದಲ್ಲಿ 2018ರಲ್ಲಿ ಆರಂಭವಾಗಿ, 2019ರ ಕೊನೆಗೆ 2,050 ಮೆಗಾವಾಟ್ ಸಾಮರ್ಥ್ಯವನ್ನು ಮುಟ್ಟಿದ ಈ ಉದ್ಯಾನ ಆಗ ಜಗತ್ತಿನ ಅತಿ ದೊಡ್ಡವುಗಳ ಸಾಲಿನಲ್ಲಿತ್ತು. ಒಂದು ಕಾಲಕ್ಕೆ ಕಡಲೆಕಾಯಿ ಬೆಳೆಯುತ್ತಿದ್ದ ನೆಲದಲ್ಲಿ ಗಾಜಿನ ಫಲಕಗಳು ಸಾಲುಗಟ್ಟಿ ಸೂರ್ಯನಿಗೆ ಮುಖಮಾಡಿವೆ. ಅಲ್ಲಿಯೂ ಹಸ್ತ, ಚಿತ್ತೆಯ ಮಳೆ ಬಿದ್ದರೆ ಹುಲ್ಲು ಬೆಳೆಯುತ್ತದೆ. ಹುಲ್ಲಿನ ನೆರಳು ಫಲಕದ ಮೇಲೆ ಬಿದ್ದರೆ ವಿದ್ಯುತ್ತು ಇಳಿಯುತ್ತದೆ. ಮಳೆ ನಿಂತರೆ ಧೂಳು ಕೂರುತ್ತದೆ. ಆದುದರಿಂದ ಹುಲ್ಲು ಕೊಯ್ಯುವ, ಫಲಕ ಒರೆಸುವ ಕೆಲಸಗಳು ಸುತ್ತಲ ಹಳ್ಳಿಗಳ ಜನರಿಗೆ ಸಿಕ್ಕಿವೆ. ನೆಲವನ್ನು ಗುತ್ತಿಗೆ ಕೊಟ್ಟವರಿಗೆ ವರ್ಷವರ್ಷವೂ ಹಣ ಬರುತ್ತದೆ. ನೆಲವೇ ಇಲ್ಲದೆ ಇತರರ ಹೊಲದ ಕೂಲಿಯಿಂದ ಬಾಳುತ್ತಿದ್ದವರಿಗೆ ಹೊಲವೂ ಹೋಯಿತು, ಕಣವೂ ಹೋಯಿತು. ಉಳಿದುದು, ಸಿಕ್ಕಿದವರಿಗೆ, ಈ ಒರೆಸುವ ಕೆಲಸ.

ಸಾಲುವಷ್ಟು ಯಂತ್ರವೆಂಬುದನ್ನು ವಿದ್ವಾಂಸರೂ ಚಿಂತಿಸಿಲ್ಲದಿಲ್ಲ. 1973ರಲ್ಲಿ ಶುಮಾಕರ್ ಎಂಬ ಅರ್ಥಶಾಸ್ತ್ರಜ್ಞರು ಸಣ್ಣದರಲ್ಲಿಯೇ ಸೊಗಸು ಉಂಟೆಂದು ಪ್ರತಿಪಾದಿಸಿ ಬರೆದ ಗ್ರಂಥ ಲೋಕಪ್ರಸಿದ್ಧವಾಯಿತು. ಮರುವರ್ಷವೇ, 1974ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಅಮೂಲ್ಯ ರೆಡ್ಡಿಯವರು ಆಸ್ತ್ರ ಎಂಬ ಕೇಂದ್ರವನ್ನು ಕಟ್ಟಿ, ಹಳ್ಳಿಗೆ ಹೊಂದುವ ತಂತ್ರಜ್ಞಾನಕ್ಕಾಗಿ ನಮ್ಮ ಜಿಲ್ಲೆಯದೇ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಪ್ರಯೋಗಗಳನ್ನು ನಡೆಸಿದರು. ಕಡಮೆ ಸೌದೆ ಬೇಡುವ ಆಸ್ತ್ರ ಒಲೆಯನ್ನು ನೆನೆಯುವ ಗೃಹಿಣಿಯರು ಇಂದಿಗೂ ಇದ್ದಾರೆ. ಒಲೆಗೆ ದೊರೆತ ಈ ಗೌರವ ಪೊರಕೆಗೆ ದೊರೆಯಲಿಲ್ಲವಲ್ಲ ಎಂಬುದು ನನ್ನ ಕೊರಗು.

ಗೌರವದ ಮಾತು ಬಂದುದರಿಂದ ಆಯುಧಪೂಜೆಯನ್ನು ಬಿಡುವಂತಿಲ್ಲ. ಮಹಾನವಮಿಯಂದು ಟ್ರಾಕ್ಟರಿಗೆ ಚೆಂಡುಹೂವಿನ ಹಾರ, ಮೋಟಾರು ಸೈಕಲ್ಲಿಗೆ ಕುಂಬಳಕಾಯಿ. ಕುಡುಗೋಲು, ಗುದ್ದಲಿಗಳನ್ನೂ ತೊಳೆದು ಕುಂಕುಮವಿಡುತ್ತೇವೆ. ಆ ಜಾಗವನ್ನು ಶುಚಿಮಾಡಿದ ಪೊರಕೆ ಬಹುಪಾಲು ಮನೆಗಳಲ್ಲಿ ಬಾಗಿಲ ಹಿಂದೆ ಮರೆಯಾಗಿರುತ್ತದೆ. ಕೆಲವು ಮನೆಗಳಲ್ಲಿ ಅದಕ್ಕೂ ಒಂದು ಬೊಟ್ಟು ಸಿಗುವುದುಂಟು. ಪೊರಕೆಯನ್ನು ಲಕ್ಷ್ಮಿಯೆಂದು ಕರೆದು ಕಾಲಿಗೆ ತಗಲಿದರೆ ಕಣ್ಣಿಗೊತ್ತಿಕೊಳ್ಳುವ ನಾವೇ, ಬೈಯುವಾಗ ಅದನ್ನು ಎತ್ತಿಕೊಳ್ಳುತ್ತೇವೆ. ಅದನ್ನು ಹಿಡಿದು ಬದುಕುವವರನ್ನು ಊರ ಅಂಚಿಗೆ ತಳ್ಳಿದ್ದೇವೆ. 1901ರ ಕಲ್ಕತ್ತೆಯ ಕಾಂಗ್ರೆಸ್ ಅಧಿವೇಶನದಲ್ಲಿ ಪಾಯಿಖಾನೆಗಳು ನಾರುತ್ತಿದ್ದಾಗ, ಇದು ಜಾಡಮಾಲಿಗಳ ಕೆಲಸವೆಂದು ಸ್ವಯಂಸೇವಕರು ಹಿಂಜರಿದರು. ಗಾಂಧಿಯವರು ತಾವೇ ಒಂದು ಪೊರಕೆಯನ್ನು ಕೇಳಿ ಪಡೆದರು. ಪೊರಕೆ ಹುಡುಕಲು ಅವರಿಗೆ ಸಾಕಷ್ಟು ಕಷ್ಟವಾಯಿತಂತೆ. 2014ರಿಂದ ಈಚೆಗೆ ಅಕ್ಟೋಬರ್ 2ರಂದು ಹೊಚ್ಚ ಹೊಸ ಪೊರಕೆಗಳು ಛಾಯಾಚಿತ್ರಗಾರರ ಮುಂದೆ ಧಾರಾಳವಾಗಿ ದೊರೆಯುತ್ತವೆ.

ಕಳೆ ಕಿತ್ತು, ಕೆತ್ತಿ, ಗುಡಿಸಿದ ಮೇಲೆ ಕಣಕ್ಕೆ ಸಗಣಿಯ ಬಗ್ಗಡ ಬಳಿಯುತ್ತಾರೆ. ಅದು ಬಿರುಕುಗಳನ್ನು ಮುಚ್ಚಿ, ಮಣ್ಣು ಕಾಳಿನೊಡನೆ ಬೆರೆಯದಂತೆ ತಡೆಯುತ್ತದೆ. ಕಡಲೆಕಾಯಿಯನ್ನು ಟಾರ್ಪಾಲಿನ ಮೇಲೆ ತೆಳ್ಳಗೆ ಹರಡಿ ಒಣಗಿಸುವುದು ಇನ್ನೂ ಕ್ಷೇಮ. ಸ್ವಾತಿಯ ಮಳೆ ಅನಿರೀಕ್ಷಿತವಾಗಿ ಹನಿದರೆ ನಾಲ್ಕು ಮೂಲೆ ಹಿಡಿದು ಮುಚ್ಚಲೂ ಬರುತ್ತದೆ. ಟಾರ್ಪಾಲೂ ಸರಳ ಸಾಧನವೇ. ಕಣ ಮಾಡುವ ಶ್ರಮಕ್ಕೆ ಬೇಸತ್ತು ಹುರುಳಿ, ರಾಗಿಗಳನ್ನು ಡಾಂಬರು ರಸ್ತೆಯಲ್ಲಿ ಹರಡಿ, ಹೋಗಿಬರುವ ಲಾರಿಗಳಿಂದ ಒಕ್ಕಣೆ ಮಾಡಿಸುವ ಪರಿಪಾಠ ನಾಡಿನಲ್ಲೆಲ್ಲ ಹಬ್ಬಿದೆ. ಹುರುಳಿಯ ಹೊಟ್ಟಿನ ಮೇಲೆ ಜಾರಿ ಬಿದ್ದ ದ್ವಿಚಕ್ರ ಸವಾರರ ಸುದ್ದಿ ಪ್ರತಿ ಸುಗ್ಗಿಯಲ್ಲಿಯೂ ಓದುತ್ತೇವೆ. ಹೋಗುವ ಜೀವಕ್ಕೆ ಹೋಲಿಸಿದರೆ ಒಂದು ದಿನದ ಗುದ್ದಲಿ ಕೆಲಸ ಹೆಚ್ಚಿನದಲ್ಲ.

ಕಿತ್ತ ಕಳೆಗೆ ಬೆಂಕಿಯಿಡುವುದು ಈಗಿನ ರೂಢಿ. ಅದು ಬೇಡ. ಇಂದೂರಿನಲ್ಲಿ 1924ರಿಂದ 1931ರವರೆಗೆ ದುಡಿದ ಆಲ್ಬರ್ಟ್ ಹೋವರ್ಡ್ ಕಸ, ಸಗಣಿ, ಮಣ್ಣುಗಳನ್ನು ಪದರಪದರವಾಗಿ ಒಟ್ಟಿ, ಆಗಾಗ ಮಗುಚಿ ಗೊಬ್ಬರ ಮಾಡುವ ಕ್ರಮವನ್ನು ಜಗತ್ತಿಗೇ ಹೇಳಿಕೊಟ್ಟರು. ಅದಕ್ಕೆ ಬೇಕಾದ ಉಪಕರಣವೆಂದರೆ ಕವೆಗೋಲೊಂದೇ. ಬೀಜ ಕಟ್ಟಿದ ಪಾರ್ಥೇನಿಯಮ್ಮನ್ನು ಮಾತ್ರ ಅದರಲ್ಲಿ ಸೇರಿಸಬಾರದು. ಮಿಕ್ಕುದೆಲ್ಲ ಮಂಕರಿಯಲ್ಲಿ ತಿಪ್ಪೆಗೆ ಹೋಗಲಿ. ಸವೆದ ಬಂದರಿಕೆಯ ಬರಲೂ ಅದರ ಹಿಂದೆಯೇ ಹೋಗಲಿ. ದೀಪಾವಳಿಯ ಸಂಜೆ ಆ ತಿಪ್ಪೆಯ ಮೇಲೂ ಒಂದು ಹಣತೆ ಇಡುತ್ತಾರೆ. ಬೇಸಗೆಯ ಹೊತ್ತಿಗೆ ಗೊಬ್ಬರ ಕಳಿತಿರುತ್ತದೆ. ಭರಣಿಯ ಮಳೆಗೆ ಮುಂಚೆ ಗಾಡಿ ಕಟ್ಟಿ ಹೊಲಕ್ಕೆ ಹೊಡೆಯಬೇಕು.